ಕೊಡ್ಡಾಯಿಯ ಒತ್ತು

ಮಲ್ಪೆ ಬಂದರಿನ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಮೂರು ಪೆನ್‌ಡ್ರೈವ್ ಮುಂದಿಟ್ಟುಕೊಂಡು ಕೂತಿದ್ದೆ.
ಒಂದಕ್ಕೆ ಬಿಳಿ ಟೇಪು, ಒಂದಕ್ಕೆ ಬಲೆಯ ನೀಲಿ ದಾರ,
ಮೂರನೆಯದಕ್ಕೆ ಮುಚ್ಚಳವೇ ಇಲ್ಲ.
ಕೆಳಗೆ ಗಡ್ಡೆ ಒಡೆಯುವ ಯಂತ್ರ
ಆಗಾಗ ನನ್ನ ಮೇಜನ್ನೂ ಒಡೆಯಲು ನೋಡುತ್ತಿತ್ತು.

ಹಳೆಯ ವ್ಯವಸ್ಥೆಯ ಮೇಲೆ ಹಗೆಯೇನೂ ಇರಲಿಲ್ಲ.
ಮಂಗಳವಾರ ನಸುಕು ನಾಲ್ಕೂಕಾಲಿಗೆ
ಏಲಂ ಕಾವೇರಿ
ಗುಲಾಬಿ ಕರ್ಕೇರ ಬುಟ್ಟಿಗೆ ಕಾಲು ಕೊಟ್ಟು ದರ ಕೂಗುವಾಗ
ಪರದೆ ನೀಲಿಯಾಗಿ ಹೇಳಿತು:
ನವೀಕರಣ ನಡೆಯುತ್ತಿದೆ, ದಯವಿಟ್ಟು ಆರಿಸಬೇಡಿ.

ನಂದಿಸಬೇಡಿ ಎಂದೋ, ಆಯ್ದುಕೊಳ್ಳಬೇಡಿ ಎಂದೋ?
ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು.
ನಾನು ಎರಡನ್ನೂ ಮಾಡಿದೆ.

ಬಂಗುಡೆ ಕಾಯುವುದಿಲ್ಲ ಮಾರಾಯ್ತಿ, ಎಂದಳು ಗುಲಾಬಿ,
ಅದರ ಕಣ್ಣು ಬಿಳಿಚಿದ ಮೇಲೆ ನಿನ್ನ ಪೆಟ್ಟಿಗೆ ಎದ್ದು ಎಂತ ಪ್ರಯೋಜನ?
ಸಿಗರೇಟ್ ಪ್ಯಾಕು ಹರಿದು ಒಳಮೈಯಲ್ಲಿ ಲೆಕ್ಕ ಬರೆದಳು.
ಒಂದು ರೂಪಾಯಿ ಹೆಚ್ಚುಕಮ್ಮಿಯಿಲ್ಲ.

ನೌಫಲ್ ಹೇಳಿದ: ಆರ್ಚ್ ಹಾಕು,
ಎಲ್ಲ ನೀನೇ ಕಟ್ಟಿದರೆ ಎಲ್ಲ ನಿನಗೇ ಗೊತ್ತಿರ್ತದೆ.
ಅವನು ಬಿರಿಯಾನಿಯ ಮಸಾಲೆ ತಾನೇ ಹುರಿದು ಕುಟ್ಟುವವನು,
ಊಟಕ್ಕೆ ಕರೆದರೆ ಬಡಿಸುವಾಗ ರಾತ್ರಿ ಹನ್ನೊಂದು.
ಪ್ರೆಸಿಲ್ಲಾ ಹೇಳಿದಳು: ಫೆಡೋರಾ.
ಹೊಸ ಕಂಪೈಲರ್ ಮೊದಲು ಅಲ್ಲಿಗೆ ಬರ್ತದೆ,
ಆರು ತಿಂಗಳಿಗೊಮ್ಮೆ ಮನೆಗೆ ಸುಣ್ಣ.
ಡೆಬಿಯನ್ನಿನ ಪರ ಯಾರೂ ಬಾಯಿಬಿಡಲಿಲ್ಲ.
ಅದರಲ್ಲಿ ಎಲ್ಲ ಹಳತು, ಎಂದರು. ಅಷ್ಟೇ.

ನಾನಿಟ್ಟ ಪರೀಕ್ಷೆ ಒಂದೇ: ಮೀನಿನ ಹೆಸರು ಬರೆಯುವುದು.
ಬೂತಾಯಿ ಸರಿ. ಕಾಣೆ ಸರಿ.
ಕೊಡ್ಡಾಯಿ ಬಂದಾಗ ಮೂರರಲ್ಲೂ
ಕಪ್ಪು ಪರದೆಯ ಮೇಲೆ ಒತ್ತು ಕಳಚಿಬಿತ್ತು.
ಡಕಾರ ಅತ್ತ, ದೀರ್ಘ ಇತ್ತ,
ಬಲೆಯಿಂದ ಎಳೆಯುವಾಗ ತುಂಡಾದ ಹಾಗೆ.

ಮೂರೂ ಸೋತವು. ಆದರೆ ಈ ಸೋಲಿಗೊಂದು ವಿಳಾಸ ಇತ್ತು.
ಮೂರು ರಾತ್ರಿ ಅಗೆದೆ.
ಯಾರೋ ಬರೆದ ಸಿ ಕಡತ, ಸಾಲು ಎಂಟುನೂರ ಹನ್ನೆರಡು:
ಒಂದು ಅಕ್ಷರಕ್ಕೆ ಒಂದು ಚೌಕ ಸಾಕೆಂದು ನಂಬಿದ್ದಾನೆ.
ಅವನೂರಿನ ಅಕ್ಷರಗಳ ಸೊಂಟಕ್ಕೆ
ಇನ್ನೊಂದು ಅಕ್ಷರ ಜೋತುಬೀಳುವುದಿಲ್ಲವೇನೋ.
ಪಕ್ಕದಲ್ಲೇ ಟಿಪ್ಪಣಿ:
ಎಲ್ಲ ಲಿಪಿಗೂ ಇದು ಹೊಂದದು. ಬಲ್ಲವರು ತಿದ್ದಿ.
ಹತ್ತೊಂಬತ್ತು ವರ್ಷ ಹಿಂದಿನ ತಾರೀಕು.

ಬಲ್ಲವರು!
ಮೈ ಜುಮ್ಮೆಂದಿತು ಎಂದರೆ ಸುಳ್ಳಾಗುತ್ತದೆ.
ಹಸಿವಾಗಿತ್ತು. ಇಳಿದು ಹೋಗಿ ಗೋಳಿಬಜೆ ತಿಂದೆ.

ಅಲ್ಲಿ ಬೋಟಿನ ಮೆಕ್ಯಾನಿಕ್ ತೇಜಪ್ಪಣ್ಣ ಸಿಕ್ಕಿದರು.
ಮುಚ್ಚಳ ಬಿಚ್ಚಿ ಯಾರೂ ಒಳಗೆ ನೋಡಬಹುದಾದ ಯಂತ್ರ, ಎಂದೆ.
ಮೆಚ್ಚುತ್ತಾರೆ ಅಂದುಕೊಂಡಿದ್ದೆ.
ತೆರೆದಿಟ್ಟರೆ ಉಪ್ಪು ಹೋಗ್ತದೆ, ಅಂದರು,
ಬಿಚ್ಚುವವರು ಊರಿಡೀ ಉಂಟು. ಒರೆಸುವವರು ಯಾರು?

ಆಗ ಉತ್ತರ ಇರಲಿಲ್ಲ. ಈಗಲೂ ಅರ್ಧವೇ ಇರುವುದು.
ಬಿಳಿ ಟೇಪಿನದ್ದು ಹಾಕಿದೆ. ಹಳತು, ಡೆಬಿಯನ್.
ಕೇಳದೆ ನಸುಕಿನಲ್ಲಿ ಎದ್ದು ಕೂರುವುದಿಲ್ಲ ಎಂದು;
ಉಳಿದ ರಾತ್ರಿಗಳು ಒರೆಸುವುದಕ್ಕೆ ಸಿಕ್ಕಾವು ಎಂದು.
ನೌಫಲ್ ನಕ್ಕ. ನಗಲಿ.

ನನ್ನ ತಿದ್ದುಪಡಿ ಹದಿನಾಲ್ಕು ಸಾಲು.
ಎರಡು ಸಲ ವಾಪಸು ಬಂತು:
ಒಮ್ಮೆ ಸಾಲಿನ ಮುಂದೆ ಬಿಟ್ಟ ಜಾಗ ಸರಿಯಿಲ್ಲವೆಂದು,
ಒಮ್ಮೆ ಪರೀಕ್ಷೆಗೊಂದು ಪದ ಬೇಕೆಂದು.
ಪದಕ್ಕೇನು ಬರ, ಕೊಡ್ಡಾಯಿ ಎಂದೇ ಬರೆದೆ.
ಒಪ್ಪಿಗೆ ಬಂದರೆ, ಹಿಮ ಬೀಳುವ ಯಾವುದೋ ಊರಿನ ಯಂತ್ರ
ದಿನಾ ರಾತ್ರಿ ನಮ್ಮ ಮೀನಿನ ಹೆಸರು ಹೇಳಿ ನೋಡಬೇಕು,
ಒತ್ತು ಕಳಚಲಿಲ್ಲ ತಾನೇ ಎಂದು.

ಬಂದಿಲ್ಲ ಇನ್ನೂ.
ಈ ಮಾಳಿಗೆಯಲ್ಲಿ ಮಾತ್ರ ಡಕಾರದಡಿ ಡಕಾರ ಕೂತಿದೆ.
ಗುಲಾಬಿ ಪರದೆ ನೋಡುತ್ತಾಳೆ, ತಲೆಯಾಡಿಸುತ್ತಾಳೆ,
ಸಿಗರೇಟ್ ಪ್ಯಾಕನ್ನೂ ಸೊಂಟದಿಂದ ತೆಗೆಯುತ್ತಾಳೆ.
ಎಂತಕ್ಕೆ ಎಂದರೆ, ಇರಲಿ, ಎನ್ನುತ್ತಾಳೆ.

ನಿನ್ನೆಯಿಂದ ಕೀಬೋರ್ಡಿನ ಡ ಒತ್ತಿದರೆ
ತಾನಾಗಿ ಎರಡೆರಡು ಬೀಳುತ್ತಿದೆ.
ಕೀಲಿ ಕಿತ್ತು, ಸಂದಿಗೆ ಬೆರಳಿಟ್ಟು, ನಾಲಿಗೆಗೆ ಮುಟ್ಟಿಸಿದೆ.
ತೇಜಪ್ಪಣ್ಣ ಹೇಳಿದ್ದೇ.